ಏಳನೆಯ ತುಂಡು

ನಮ್ಮ ಮನೆಗೆ ಇಂಟರ್ನೆಟ್ ಬರುವುದು
ಊರಾಚೆಯ ಹಳೇ ಗೋಧಿ ಗೋಪುರದ ನೆತ್ತಿಗೆ ಬಿಗಿದ
ಒಂದು ತಟ್ಟೆಯಿಂದ.
ಗಾಳಿ ಬೀಸಿದರೆ ಅದಕ್ಕೆ ತಲೆಸುತ್ತು,
ಹಿಮ ಬಿದ್ದರೆ ಕಿವುಡು,
ಉಳಿದ ದಿನ, ಮೆಟ್ರೋ ಹೇಳುವ ಹಾಗೆ, ಬರೀ ಮೈಗಳ್ಳತನ.
ಮೆಟ್ರೋ ಅಂದರೆ ರೈಲಲ್ಲ, ನನ್ನ ಗಂಡ.
ಅವನನ್ನು ಡ್ಮಿಟ್ರೋ ಎಂದು ಪೂರ್ತಿ ಕರೆದದ್ದು
ಜ್ಞಾನಸ್ನಾನ ಮಾಡಿಸಿದ ಪಾದ್ರಿ ಒಬ್ಬನೇ.

ಫೆಬ್ರವರಿಯಲ್ಲಿ ಒಂದು ಕಸೂತಿ ಚಿತ್ತಾರ ಕೊಂಡೆ,
ಲಾರಿಸ್ಸಾಳ ಮದುವೆಯ ರೊಟ್ಟಿಯ ಕೆಳಗೆ ಹಾಸುವ ಬಟ್ಟೆಗೆ.
ಎರಡು ಹಕ್ಕಿ, ಒಂದು ಬಳ್ಳಿ, ಅಂಚಿಗೆ ಓಕ್ ಎಲೆ.
ಬಟ್ಟೆಗೆ ಇಳಿದ ಮೇಲೆ ಅದರ ಭಾರ ಒಂದು ಹಿಡಿ ನೂಲು.
ಬರುವ ದಾರಿಯಲ್ಲಿ ಮಾತ್ರ ಎರಡೂವರೆ ಜಿಬಿ:
ಲೋಕದ ಎಲ್ಲ ಹೊಲಿಗೆಯಂತ್ರಗಳ ಭಾಷೆಯಲ್ಲಿ, ಎಲ್ಲ ಅಳತೆಯಲ್ಲಿ,
ಸೂಜಿಗೆ ನೂಲು ಪೋಣಿಸುವುದನ್ನೂ ಬಿಡದೆ ಕಲಿಸುವ
ವಿಡಿಯೋಗಳ ಸಮೇತ.
ನನ್ನ ಯಂತ್ರಕ್ಕೆ ಬರುವುದು ಒಂದೇ ಭಾಷೆ.
ಆದರೂ ಇಡೀ ದಿಬ್ಬಣವೇ ಬರಬೇಕು.

ಮೊದಲ ರಾತ್ರಿ ಮನೆಯಲ್ಲಿ ಕರ್ಫ್ಯೂ.
ಮೆಟ್ರೋ ತನ್ನ ಐಸ್ ಹಾಕಿಯನ್ನು ರೇಡಿಯೋದಲ್ಲಿ ಕೇಳಿದ.
ಫೋನುಗಳನ್ನು ಆರಿಸಿ ಬ್ರೆಡ್ಡಿನ ಡಬ್ಬದಲ್ಲಿಟ್ಟೆ.
ನೀಲಿ ಗೆರೆ ತೆವಳಿತು, ನಿಂತಿತು,
ಏನೋ ನೆನಪಾದಂತೆ ಮತ್ತೆ ತೆವಳಿತು.
ಉಳಿದಿರುವ ಸಮಯ ಹದಿನಾಲ್ಕು ಗಂಟೆ.
ಚಹಾ ಕುಡಿದು ಬಂದೆ: ಹತ್ತೊಂಬತ್ತು ಗಂಟೆ.
ಮರುದಿನ ಸಂಜೆ ಹಸುಗಳಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ
ತೊಂಬತ್ತೊಂದರಲ್ಲಿ ಕೈಬಿಟ್ಟಿತ್ತು.
ಸೊನ್ನೆಯಿಂದ ಶುರು ಮಾಡು ಅನ್ನುತ್ತಿತ್ತು.

ನಾನೂ ಬಿಚ್ಚಿದವಳೇ, ಐವತ್ತು ವರ್ಷದಿಂದ.
ಆದರೆ ಒಂದು ಹೊಲಿಗೆ ತಪ್ಪಿದರೆ
ಅದೊಂದನ್ನೇ ಬಿಚ್ಚುತ್ತೇನೆ.

ಮಾರಿದವಳಿಗೆ ಬರೆದೆ, ಟೆರ್ನೋಪಿಲ್‌ನ ಸೊಲೋಮಿಯಾಗೆ,
ನನ್ನ ಅಜ್ಜಿಯಿಂದ ಬಂದು ನನ್ನ ಬಾಯಲ್ಲಿ ಹಳಸಿದ ಮಾತಿನಲ್ಲಿ.
ಮೂರು ನಗುಮುಖ ಹಾಕಿ ಉತ್ತರಿಸಿದಳು:
"ಅತ್ತೆ, ಇಲ್ಲಿ ಕರೆಂಟೇ ದಿನಕ್ಕೆ ನಾಲ್ಕು ಗಂಟೆ.
ಇದ್ದಾಗ ಹನ್ನೊಂದು ತುಂಡು ಮಾಡಿ ಹಾಕುತ್ತೇನೆ."

ಅಡುಗೆಮನೆಯ ಕ್ಯಾಲೆಂಡರಿನಲ್ಲಿ
ಯಾವ ನಂಬರಿನ ಹಸು ಯಾವತ್ತು ಈಯಬಹುದೆಂದು
ಮೆಟ್ರೋ ಪೆನ್ಸಿಲಿನಲ್ಲಿ ಬರೆದಿರುತ್ತಾನೆ.
ಪಕ್ಕದಲ್ಲೇ ನನ್ನ ತುಂಡುಗಳನ್ನೂ ಬರೆದೆ.
"ನಾಲ್ಕನೆಯದು ಬಂತು!" ಎಂದು ನಾನು ಕೂಗಿದ ರಾತ್ರಿ
ಅವನು ಪೈಜಾಮದ ಮೇಲೆ ಕೋಟು ಹಾಕಿಕೊಂಡು
ಮೈನಸ್ ಮೂವತ್ತೊಂದರಲ್ಲಿ ಕೊಟ್ಟಿಗೆಗೆ ಓಡಿ,
ನಾಲ್ಕನೆಯ ಹಸು ನಿಂತಲ್ಲೇ ತೂಕಡಿಸುವುದನ್ನು ನೋಡಿ ಬಂದು
ಎರಡು ದಿನ ಮಾತು ಬಿಟ್ಟ.

ಐದು ಬಂತು. ಆರು, ತುಸು ಕುಂಟುತ್ತ.
ಏಳು ಬರಲಿಲ್ಲ.

ಮೊದಲ ದಿನ ಗೋಪುರವನ್ನು ಬೈದೆ.
ಎರಡನೆಯ ದಿನ ಕಂಪನಿಗೆ ಫೋನು ಮಾಡಿದೆ,
ಅರ್ಧ ತಾಸು ಪಿಯಾನೋ ಕೇಳಿಸಿದರು.
ಮೂರನೆಯ ದಿನ ಸುದ್ದಿಯಲ್ಲಿ ಅವಳ ಊರಿನ ಹೆಸರಿತ್ತು.
ಆಮೇಲೆ ಯಾರನ್ನೂ ಬೈಯಲಿಲ್ಲ.

ಒಂಬತ್ತನೆಯ ದಿನ, ಎಂಟರಿಂದ ಹನ್ನೊಂದು, ಒಟ್ಟಿಗೇ.
ಮಾತಿಲ್ಲ, ನಗುಮುಖವಿಲ್ಲ.
ಏಳರ ಬಗ್ಗೆ ಕೇಳಲು ನನ್ನ ಬೆರಳು ಬರಲಿಲ್ಲ.
ತೆರೆದು ನೋಡಿದರೆ ಹೊಲಿಗೆಗಳೆಲ್ಲ ಇದ್ದವು,
ಬಣ್ಣಗಳ ಪಟ್ಟಿಯೊಂದೇ ಇರಲಿಲ್ಲ.

ಡಬ್ಬದಲ್ಲಿ ಹೆಚ್ಚಾಗಿ ಉಳಿದಿದ್ದದ್ದು ಟ್ರ್ಯಾಕ್ಟರಿನ ಹಸಿರು.
"ಹಸಿರು ಹಕ್ಕಿ ಯಾವುದಿದೆ?" ಮೆಟ್ರೋ ಕೇಳಿದ.
"ಗಿಳಿ."
"ಸಸ್ಕಾಚೆವಾನಿನಲ್ಲಿ?"
ಯಂತ್ರ ಓಡಿಸಿದೆ, ಆ ಪ್ರಶ್ನೆ ಕೇಳಿಸದಷ್ಟು ಜೋರಾಗಿ.

ಮದುವೆಯ ಹಿಂದಿನ ರಾತ್ರಿ ಏಳು ಬಂತು.
ಸಿದ್ಧ ಬಟ್ಟೆಯ ಫೋಟೋ: ಹಕ್ಕಿಗಳು ಕೆಂಪು,
ಬೇರೆ ಬಣ್ಣದ ಮಾತೇ ಬೇಡ ಅನ್ನುವಂಥ ಕೆಂಪು.
ಕೆಳಗೆ ಒಂದು ಸಾಲು: "ತಡವಾಯಿತು ಅತ್ತೆ. ನೆಲಮಾಳಿಗೆಯಲ್ಲಿದ್ದೆವು.
ಬಣ್ಣ ಮುಖ್ಯ, ಮರೆಯಬೇಡಿ."

ಹಸಿರು ಹಕ್ಕಿಗಳನ್ನು ಮೇಜಿನ ಮೇಲೆ ಹಾಸಿ
ಫೋಟೋ ತೆಗೆದು ಅವಳಿಗೆ ಕಳಿಸಲು ಒತ್ತಿದೆ.
ಮೂರನೆಯ ಪೀರಿಯಡ್ ನಡೆಯುತ್ತಿತ್ತು.
ಮೆಟ್ರೋ, ಯಾರೂ ಹೇಳದೆ, ಎದ್ದು ಹೋಗಿ ರೇಡಿಯೋ ಹಾಕಿದ.
ನೀಲಿ ಗೆರೆ ಈಗ ಆ ಕಡೆಗೆ ತೆವಳುತ್ತಿದೆ:
ಮೂರು.
ಮೂರು.
ನಾಲ್ಕು.