ಪುಟಕ್ಕೆ ನಲವತ್ತು ಸೆಕೆಂಡು

ಮಸ್ಜಿದ್ ಬಂದರಿನಲ್ಲಿ, ಖರ್ಜೂರದ ಗೋಣಿಗಳ ಸಂದಿಯಲ್ಲಿ
ಅಡ್ಡಡ್ಡ ನುಸುಳಿ ಮೂರು ಮಹಡಿ ಹತ್ತಿದರೆ
ಠಕ್ಕರ್ ಸೇಠರ ಆಫೀಸು.
"ಇಂಜಿನಿಯರ್ ಯಾವಾಗ ಬರ್ತಾರೆ?" ಅಂತ
ನನ್ನನ್ನೇ ಕೇಳಿದರು.
ಬಂದಾಯ್ತು ಅಂದೆ. ಕುರ್ಚಿ ಒರೆಸಿ ಕೊಟ್ಟರು.

ಮಾರ್ಚ್ ಇಪ್ಪತ್ತೊಂಬತ್ತು. ಆಡಿಟರಿಗೆ ಸಂಜೆಯೊಳಗೆ ಬೇಕು
ಇಡೀ ವರ್ಷದ ಲೆಡ್ಜರು, ಮುನ್ನೂರ ಹನ್ನೆರಡು ಪುಟ.
ಪ್ರಿಂಟ್ ಒತ್ತಿದರೆ ಒಂದು ಪುಟ ಬರುತ್ತದೆ,
ಆಮೇಲೆ ಮೌನವ್ರತ.
ಪರದೆಯ ಮೇಲೆ ನೀಲಿ ಚಕ್ರ
ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಸುತ್ತುತ್ತದೆ.

ನನಗಿಂತ ಮುಂಚೆ ಮೂವರು ಬಂದು ಹೋಗಿದ್ದರಂತೆ.
ಒಬ್ಬ ಮೆಮೊರಿ ಹಾಕಿದ, ಒಬ್ಬ ಕೇಬಲ್ ಬದಲಿಸಿದ,
ಮೂರನೆಯವನು ಹೊಸ ಪ್ರಿಂಟರನ್ನೇ ಮಾರಿ ಹೋದ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಎಮ್ಮೆ ಮೂಲೆಯಲ್ಲಿ ಹಸಿರು ದೀಪ ಹಚ್ಚಿಕೊಂಡು
ಸುಮ್ಮನೆ ಕೂತಿತ್ತು, ಮೈತುಂಬ ಆರೋಗ್ಯ.

ನಾನು ಮೊದಲು ಏನೂ ಮುಟ್ಟುವುದಿಲ್ಲ.
ಎಣಿಸುತ್ತೇನೆ,
ಚಾಳಿನಲ್ಲಿ ಅಮ್ಮ ನಸುಕಿಗೆ ಎದ್ದು
ನೀರಿಗೆ ಮುಂಚೆ ಬರುವ ನಲ್ಲಿಯ ಕೆಮ್ಮು ಎಣಿಸುತ್ತಿದ್ದ ಹಾಗೆ.
ಮೂವತ್ತೊಂಬತ್ತು, ನಲವತ್ತು. ಪುಟ.
ಮತ್ತೆ ನಲವತ್ತು. ಪುಟ.
ಸುಸ್ತಾದ ಯಂತ್ರ ಇಷ್ಟು ಶಿಸ್ತಾಗಿ ತಡಮಾಡುವುದಿಲ್ಲ.
ಇದು ಯಾರಿಗೋ ಕಾಯುವವರ ಲೆಕ್ಕ.

ಪ್ರಿಂಟರುಗಳ ಪಟ್ಟಿ ತೆರೆದೆ.
ಮೊದಲ ಹೆಸರಿನ ಪಕ್ಕ ಟಿಕ್ಕು: ರೇ ರೋಡ್ ಗೋಡೌನ್.
"ಅದನ್ನ ಮಾರಿ ಎರಡು ದೀಪಾವಳಿ ಆಯ್ತಲ್ಲ,"
ಗುಮಾಸ್ತ ನಾಬರ್ ಕಾಕಾ ಕನ್ನಡಕ ಸರಿಮಾಡಿಕೊಂಡರು,
"ಪ್ರಿಂಟರು ಗುಜರಿಗೆ ಹೋಯ್ತು, ಕಿಲೋ ಲೆಕ್ಕದಲ್ಲಿ."

ಸಾಫ್ಟ್‌ವೇರಿಗೆ ಯಾರೂ ಹೇಳಿರಲಿಲ್ಲ.
ಪುಟ ಕಟ್ಟುವ ಮುಂಚೆ ಪ್ರತಿಸಲವೂ ಅದು
ತಂತಿಗುಂಟ ರೇ ರೋಡಿನ ತನಕ ಹೋಗಿ
ಇಲ್ಲದ ಬಾಗಿಲು ತಟ್ಟಿ ಕೇಳುತ್ತಿತ್ತು:
ನಿನ್ನ ಕಾಗದ ಎಷ್ಟಗಲ? ಅಂಚು ಎಷ್ಟು ಬಿಡಲಿ?
ನಲವತ್ತು ಎಣಿಸಿ, ಉತ್ತರ ಸಿಗದೆ ವಾಪಸು ಬಂದು
ಮಗ್ಗುಲಲ್ಲೇ ಇದ್ದ ಎಮ್ಮೆಯ ಕಡೆ ತಿರುಗುತ್ತಿತ್ತು.
ಮುನ್ನೂರ ಹನ್ನೆರಡು ಸಲ. ಬೇಸರವೇ ಇಲ್ಲ.

ಅಳಿಸಿದೆ. ಟಿಕ್ಕನ್ನು ಎಮ್ಮೆಯ ಹಣೆಗಿಟ್ಟೆ.
ಎಂಟು ನಿಮಿಷದ ಕೆಲಸ, ಐನೂರರ ಬಿಲ್ಲು.
ಸೇಠರು ಗಡಿಯಾರ ನೋಡಿದರು, ಬಿಲ್ಲು ನೋಡಿದರು,
ಚಹಾ ತರಿಸಿದರು.

ಪುಟಗಳು ಸುರಿಯತೊಡಗಿದವು.
ಕಾಕಾ ಮಾತ್ರ ಗಾಬರಿಯಾಗಿ ಎದ್ದು ನಿಂತರು, ಕೈಯಲ್ಲಿ ಕೆಂಪು ಪೆನ್ಸಿಲು.
ಆ ನಲವತ್ತು ಸೆಕೆಂಡಿನಲ್ಲೇ ಅವರು
ಒಂದೊಂದು ಪುಟವನ್ನೂ ಬೆರಳಿಟ್ಟು ಓದುತ್ತಿದ್ದರಂತೆ.
ಯಂತ್ರ ಕೂಡಿಸಿದ್ದನ್ನ ಮತ್ತೆ ಕೂಡಿಸ್ತೀರಾ? ಅಂದೆ.
"ಕೂಡಿಸೋದು ಯಂತ್ರ. ಬರೆದವನು ನಾನು ತಾನೇ."

ಟ್ರೇ ತುಂಬಿ ಹಾಳೆಗಳು ನೆಲಕ್ಕೆ ಜಾರಿದವು.
ಬಗ್ಗಿ ಆರಿಸುವಾಗ ಒಂದು ಸಾಲು ಕಣ್ಣಿಗೆ ಬಿತ್ತು:
ರಾಮಸಜೀವನ್, ರಾತ್ರಿ ಕಾವಲು, ರೇ ರೋಡ್,
ತಿಂಗಳಿಗೆ ಆರು ಸಾವಿರ,
ಫೆಬ್ರವರಿಯದ್ದೂ ಇತ್ತು.

ಕಾಕಾ ನನ್ನ ಮುಖ ನೋಡಲಿಲ್ಲ.
ಹಾಳೆಯನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡು
ಕೆಳಗೆ ಕೆಂಪು ಟಿಕ್ಕು ಹಾಕಿ
ಕಟ್ಟಿನ ನಡುವೆ ಸೇರಿಸಿದರು.

ನಾನು ಪ್ರಿಂಟರು ನೋಡಲು ಬಂದವಳು.
ಚಹಾ ಕುಡಿದೆ.
ಐದೂ ಹತ್ತರ ಪನ್ವೇಲ್ ಲೋಕಲ್ಲಿಗೆ ಇಳಿದು ನಡೆದೆ.