ಟೋಕನ್ ನಲವತ್ತೊಂದು

ಹುಫೂಫಿನ ಆಸ್ಪತ್ರೆಯ ಗೇಟಿನಲ್ಲಿ
ಕಾವಲಿನ ತುಳಬಹಾದುರ ಕುಡುಗೋಲು ತೆಗೆದಿಟ್ಟುಕೊಂಡು
ಟೋಕನ್ ಕೊಡುತ್ತಾನೆ: ನಲವತ್ತೊಂದು.
ಅಬು ಸಾದಿಕ್ ಅದನ್ನು ಜೇಬಿಗಿಳಿಸಿ
ಸಾದಿಕನ ಕೈ ಹಿಡಿದು ಒಳಗೆ ಬರುತ್ತಾನೆ.
(ಮಗನ ಹೆಸರಲ್ಲೇ ಅಪ್ಪನನ್ನು ಕರೆಯುವ ಊರು ಇದು.)
ಖರ್ಜೂರದ ಗೊನೆ ಕೊಯ್ಯುವ ಕಾಲ.
ಮರದಿಂದ ನೇರ ಇಳಿದು ಬಂದವನು,
ಸೊಂಟದ ಹಗ್ಗ ಇನ್ನೂ ಬಿಚ್ಚಿಲ್ಲ.

ನಾನು ಲ್ಯಾಬಿನವಳು. ಹನ್ನೊಂದು ವರ್ಷದಿಂದ
ಈ ಊರಿನ ರಕ್ತ ನೋಡುತ್ತಿದ್ದೇನೆ.
ಒಂದು ಹನಿ, ಗಾಜಿನ ಪಟ್ಟಿ, ನೇರಳೆ ಬಣ್ಣ.
ಕೊಳವೆಗೆ ಕಣ್ಣಿಟ್ಟರೆ
ದುಂಡಗಿರಬೇಕಾದವು ಬಾಗಿ, ತುದಿ ಚೂಪಾಗಿ,
ಕೊಯ್ಲು ಮುಗಿಸಿದವರು ಬದುವಿನ ಮೇಲೆ ಮರೆತು ಹೋದ ಹಾಗೆ
ಬಿದ್ದಿರುತ್ತವೆ.
ಇಲ್ಲಿ ಆ ಕಾಯಿಲೆಗೆ ಮಿಂಜಲಿನ ಹೆಸರು.
ಗೇಟಿನಲ್ಲಿ ಬಿಟ್ಟು ಬಂದದ್ದೂ ಮಿಂಜಲೇ.

ಬಸರೂರಿನಲ್ಲಿ ನಾನು ಹುಟ್ಟಿದಾಗ
ಅಜ್ಜಿ ಬಾಣಂತಿಯ ಚಾಪೆಯಡಿ ಒಂದನ್ನು ಇಟ್ಟಿದ್ದಳಂತೆ.
ಹಲ್ಲು ಸವೆದದ್ದು. ಹುಲ್ಲಿಗೆ ಸಾಲದು,
ಗಾಳಿ ಸೋಂಕಿಗೆ ಸಾಕು, ಎಂದು.
ಗಾಳಿ ಹೆದರಿತೋ ಇಲ್ಲವೋ,
ಅಮ್ಮನ ಬೆನ್ನಿಗೆ ಒತ್ತಿದ ಗುರುತು ಬಹಳ ದಿನ ಇತ್ತು.

ಸಾದಿಕನಿಗೆ ಒಂಬತ್ತು. ಸೂಜಿಗೆ ಅಳುವುದಿಲ್ಲ.
ರಾತ್ರಿ ಮೊಣಕಾಲೊಳಗೆ ಯಾರೋ ಕೊಯ್ಯುತ್ತಾರೆ, ಎನ್ನುತ್ತಾನೆ.
ಏನನ್ನು?
ಗೊತ್ತಿಲ್ಲ. ಕತ್ತಲಲ್ಲವೇ.

ನನ್ನಲ್ಲಿ ಅರ್ಧ, ಇವನ ತಾಯಿಯಲ್ಲಿ ಅರ್ಧ,
ಸೇರಿ ಇವನಲ್ಲಿ ಪೂರ್ತಿ, ಎಂದ ಅಪ್ಪ,
ಯಾರೋ ಕಲಿಸಿದ ಲೆಕ್ಕ ಒಪ್ಪಿಸುವವನ ಹಾಗೆ.
ಚಂದ್ರನಾಗಿದ್ದರೆ ಹಬ್ಬ ಮಾಡಬಹುದಿತ್ತು.
ಆಮೇಲೆ ವರದಿ ಮಡಚುತ್ತ:
ದೇವರ ಕೈಲಿದೆ, ಅಲ್ಲಿಂದ ಮುಂದೆ ನಿನ್ನ ಕೈಲಿ.

ಕುಡುಗೋಲು ಕುಂಬಳಕಾಯಿ ಎರಡೂ ನಿಮ್ಮ ಕೈಲೇ ಇದೆ ಬುದ್ಧೀ,
ಎಂದು ಪಟೇಲರ ಜಗಲಿಯ ಕೆಳಗೆ ನಿಂತವರು ಹೇಳುತ್ತಿದ್ದರು.
ನನ್ನ ಕೈ ನೋಡಿಕೊಂಡೆ. ರಬ್ಬರ್ ಗವಸು,
ಹೆಬ್ಬೆರಳಲ್ಲಿ ಬಣ್ಣದ ಕಲೆ.
ಕುಂಬಳಕಾಯಿ ಹಾಗಿರಲಿ,
ಅದರ ಬೀಜವೂ ಇರಲಿಲ್ಲ.

ಕಿಟಕಿಯಿಂದ ಕಂಡಿತು:
ಟೋಕನ್ ಕೊಟ್ಟು ಅವನು ತನ್ನದನ್ನು ವಾಪಸು ಪಡೆದ.
ನನಗೆ ಕೊಡು, ಎಂಬಂತೆ ಹುಡುಗ ಕೈ ಚಾಚಿದ.
ಅಪ್ಪ ಒಂದು ಗಳಿಗೆ ಸುಮ್ಮನಿದ್ದು
ಹಿಡಿಯನ್ನು ಮಗನತ್ತ ತಿರುಗಿಸಿದ,
ಅಲಗನ್ನು ತಾನು ಹಿಡಿದುಕೊಂಡ.
ಹಾಗೇ ರಸ್ತೆ ದಾಟಿದರು,
ನೀರಿನ ಟ್ಯಾಂಕರೊಂದು ಹಾರನ್ ಹೊಡೆಯುತ್ತ ನಿಂತು ಕಾದಿತು.