ಕೆಂಪಿನ ಅಳತೆ

ಬೆಟಗೇರಿಯ ಬಣ್ಣದಂಗಡಿ, ಮಾಳಿಗೆ ಮೇಲೆ ನನ್ನ ಕಂಪ್ಯೂಟರು,
ಕೆಳಗೆ ಮೋದಿನಸಾಬ ನೀಲಗಾರರ ಹಂಡೆಗಳು.
ಹಲಗೆಸಂದಿಯಿಂದ ಉಗಿ ಏರಿ ಕೀಲಿಮಣೆಗೆ ಕೂರುತ್ತದೆ.
ಸಂಜೆ ಹೊತ್ತಿಗೆ ನನ್ನ ಬೆರಳೂ ತುಸು ಕೆಂಪು.

ನಾನು ಬರೆದ ಕ್ಲಾಸಿನ ಹೆಸರು: ಹಂಡೆ.
ಅದರ ಹೊಟ್ಟೆಯಲ್ಲಿ ಒಂದು ಸ್ಥಿರಾಂಕ,
ಕಿಲೋ ನೂಲಿಗೆ ಬಣ್ಣ ಎಷ್ಟು ತೊಲ ಎಂಬುದು.
ಕುದಿವ ಸದ್ದಿನ ಮರೆಯಲ್ಲಿ
ಸಾಬರು ಕಿವಿಗೆ ಹೇಳಿದ್ದು.
ಮುಂದೆ ಪ್ರೈವೇಟ್ ಎಂದು ಬರೆದು ಚಿಲಕ ಹಾಕಿದೆ.
(ಎಷ್ಟೆಂದು ಇಲ್ಲಿಯೂ ಬರೆಯುವುದಿಲ್ಲ.)

ಕೊಟ್ರೇಶನದು ಚೀಟಿ ಅಚ್ಚು ಹಾಕುವ ಕೆಲಸ,
ಎರಡನೇ ಹಂಡೆಯ ಹುಡುಗರಿಗೆ.
ನೇರ ಕೈ ಹಾಕಿದ ಅಂಕಿಗೆ.
ಪರದೆ ಕೆಂಪಾಯಿತು;
ಅದು ನಮ್ಮ ಕೆಂಪಲ್ಲ.
“ಪಬ್ಲಿಕ್ ಮಾಡಿಬಿಡ್ರಿ ಅಕ್ಕಾರ, ಒಂದು ಶಬ್ದದ ಮಾತು.
ಇಲ್ಲಾಂದ್ರ ರಿಫ್ಲೆಕ್ಷನ್ ಅದ,
ಹಿತ್ತಲ ಗ್ವಾಡಿ ಹಾರಿ ತರತೇನಿ.”

ಬೇಡ ಎಂದೆ. ಒಂದು ಕಿಂಡಿ ತೆರೆದೆ:
ನೂಲಿನ ತೂಕ ಹೇಳು, ಬಣ್ಣದ ತೂಕ ಹೇಳುತ್ತದೆ.
ಅಷ್ಟೇ ಮೆಥಡ್ಡು. ನಾಲ್ಕು ಸಾಲು.

ಹುಡುಗ ಚುರುಕು. ಕಿಂಡಿಗೆ ಬಾಯಿಟ್ಟು
ಒಂದು ಕಿಲೋ ಎಂದ,
ಬಂದ ಉತ್ತರವನ್ನು ತನ್ನ ಕಡತದಲ್ಲಿ ಬರೆದಿಟ್ಟ,
ನನ್ನ ಕಡೆ ನೋಡಿ ನಕ್ಕ.
ನಾನೂ ನಕ್ಕೆ. ಗುಟ್ಟು ಕಾಯಲೆಂದೇ
ಆ ಚಿಲಕ ಎಂದು ನಾನೂ ತಿಳಿದಿದ್ದೆ ಆಗ.

ಆಮೇಲೆ ಬೋರು ಬತ್ತಿ ಪೈಪಿಗೆ ಹೊಳೆನೀರು ಬಂತು.
ಸಾಬರು ಬೊಗಸೆಯಲ್ಲಿ ಮುಕ್ಕಳಿಸಿ ಉಗುಳಿ
ಮೆಟ್ಟಿಲ ಬುಡದಿಂದ ಕೂಗಿದರು:
“ಮೆತ್ತಗದ ನೀರು. ಅಳತಿ ಇಳಸಬೇಕವ್ವಾ.”
ಒಂದು ಸಾಲು ತಿದ್ದಿದೆ, ಒಂದೇ ಒಂದು.
ಕಿಂಡಿಯಲ್ಲಿ ಕೇಳಿದವರಿಗೆಲ್ಲ ಹೊಸ ತೂಕ,
ಯಾರಿಗೂ ಹೇಳಿಕಳಿಸಲಿಲ್ಲ.

ಎರಡನೇ ಹಂಡೆಯಿಂದ ಮಾತ್ರ
ಹನ್ನೆರಡು ಲಡಿ ನೂಲು
ಹಳೇ ಇಟ್ಟಿಗೆಯ ಬಣ್ಣ ಹೊತ್ತು ಬಂತು,
ಮದುವೆ ಸೀರೆಯ ಸೆರಗಿಗೆ ಹೋಗಬೇಕಾದದ್ದು.

ಸಾಬರು ಬೈಯಲಿಲ್ಲ. ಲಡಿಯೊಂದನ್ನು ಹಿಂಡಿ
ಬೆಳಕಿಗೆ ಹಿಡಿದು ಕೊಟ್ರೇಶನಿಗೆ ಅಂದರು:
“ಅಂಕಿ ಒಯ್ದಿ ತಮ್ಮಾ,
ಅದರ ನೀರು ಒಯ್ಯಲಿಲ್ಲ ನೀ.”

ಅವನು ಆ ಸಾಲು ಅಳಿಸುವಾಗ
ಕೀಲಿಗಳ ಸದ್ದು ಕೆಳಗಿನವರೆಗೂ ಕೇಳಿತು.
ನಾನು ಸ್ಥಿರಾಂಕ ಎಂಬ ಪದವನ್ನೇ
ತುಸು ಹೊತ್ತು ನೋಡುತ್ತ ಕೂತೆ.

ಮಳೆ ಹಿಡಿದ ಮೇಲೆ ಇನ್ನೊಮ್ಮೆ ಕೇಳವ್ವಾ ಎಂದಿದ್ದಾರೆ.
ಕೇಳುತ್ತೇನೆ. ಹಂಡೆ ಕುದಿಯುವಾಗ,
ಹತ್ತಿರ ಹೋಗಿ.